ಹೆಣ್ಣುಮಕ್ಕಳ ಶಾಲೆಯಲ್ಲಿ ಹುಟ್ಟಿದ ಗ್ರಹಗಳು

ಹೈಸ್ಕೂಲಿನಲ್ಲಿ ಸಂಗೀತದ ಪೀರಿಯಡ್ಡಿಗೆ ಎಷ್ಟು ಮರ್ಯಾದೆ ಅನ್ನುವುದು ಅದನ್ನು ಪಾಠ ಮಾಡಿದವರಿಗೇ ಗೊತ್ತು. ಪರೀಕ್ಷೆ ಹತ್ತಿರ ಬಂತೋ, ಗಣಿತದ ಮೇಷ್ಟ್ರು ಬಾಗಿಲಿಗೆ ಬಂದು ನಿಂತು, "ಮೇಡಂ, ಇವತ್ತೊಂದಿನ ನಿಮ್ಮ ಕ್ಲಾಸು ಬಿಟ್ಕೊಡಿ" ಅನ್ನುತ್ತಾರೆ. ಶಾರದಾ ಪೂಜೆಗೆ, ಶಾಸಕರು ಬಂದಾಗ ಸ್ವಾಗತಗೀತೆಗೆ ಮತ್ತೆ ನಮ್ಮ ನೆನಪಾಗುತ್ತದೆ. ಹೀಗೆ ಕಾಲ ಹಾಕಿದ ನನಗೆ ಗುಸ್ತಾವ್ ಹೋಲ್ಸ್ಟ್ ಎಂಬ ಸಂಗೀತ ಮೇಷ್ಟ್ರ ಬದುಕನ್ನು ಓದಿದಾಗ ಮೊದಲು ಆದದ್ದು ಹೊಟ್ಟೆಕಿಚ್ಚು.

ಹೋಲ್ಸ್ಟ್ ಹುಟ್ಟಿದ್ದು 1874ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. ಬಲಗೈಯ ನರದ ನೋವಿನಿಂದ ಪಿಯಾನೋ ಕೈಬಿಟ್ಟು, ಟ್ರೊಂಬೋನ್ ಊದಿ ಹೊಟ್ಟೆ ಹೊರೆದವರು. 1905ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಹೆಣ್ಣುಮಕ್ಕಳ ಶಾಲೆಗೆ ಸಂಗೀತದ ಮೇಷ್ಟ್ರಾಗಿ ಸೇರಿದರು. ಶಾಲೆ ಆಗಷ್ಟೇ ಹೊಸತು. 1934ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿನ ನೌಕರಿ ಬಿಡಲಿಲ್ಲ.

ನಮ್ಮವರಿಗೆ ಇವರು ಇನ್ನೊಂದು ಕಾರಣಕ್ಕೂ ಹತ್ತಿರ. ಋಗ್ವೇದದ ಸೂಕ್ತಗಳಿಗೆ ರಾಗ ಹಾಕಬೇಕೆಂಬ ಹುಚ್ಚು ಹಿಡಿದು ಸಂಸ್ಕೃತ ಕಲಿಯಲು ಹೊರಟರು. ಸಿಕ್ಕ ಅನುವಾದಗಳು ಹಿಡಿಸದೆ ತಾವೇ ಇಂಗ್ಲಿಷಿಗೆ ತಂದುಕೊಂಡರು. ಸತ್ಯವಾನ ಸಾವಿತ್ರಿಯರ ಕಥೆಯನ್ನು ಮೂರೇ ಪಾತ್ರಗಳ ಪುಟ್ಟ ಒಪೆರಾ ಮಾಡಿದರು. ಕಾಳಿದಾಸನ ಮೇಘದೂತವನ್ನೂ ಬಿಡಲಿಲ್ಲ. ಗೆಳೆಯರ ಜಾತಕ ಬರೆದುಕೊಡುವ ಚಟವೂ ಇತ್ತಂತೆ. ಅವರ ಅತಿ ಪ್ರಸಿದ್ಧ ಕೃತಿ 'ದಿ ಪ್ಲಾನೆಟ್ಸ್' ಹುಟ್ಟಿದ್ದು ಆ ಚಟದಿಂದಲೇ. ಕುಜ, ಶುಕ್ರ, ಬುಧ, ಗುರು, ಶನಿ, ಯುರೇನಸ್, ನೆಪ್ಚೂನ್ ಎಂದು ಏಳು ಭಾಗ. ಖಗೋಳಶಾಸ್ತ್ರದ ಗ್ರಹಗಳಲ್ಲ ಇವು, ಜಾತಕದ ಗ್ರಹಗಳು.

ನನ್ನ ಹೊಟ್ಟೆಕಿಚ್ಚಿಗೆ ಕಾರಣವಾದದ್ದು ಒಂದು ಕೋಣೆ. 1913ರಲ್ಲಿ ಶಾಲೆಯವರು ಸಂಗೀತಕ್ಕೆಂದೇ ಹೊಸ ಕಟ್ಟಡ ಕಟ್ಟಿಸಿ, ಅದರಲ್ಲಿ ಹೊರಗಿನ ಸದ್ದು ಒಳಬಾರದ ಕೋಣೆಯೊಂದನ್ನು ಹೋಲ್ಸ್ಟರಿಗೆ ಬಿಟ್ಟುಕೊಟ್ಟರು. ವಾರವಿಡೀ ಪಾಠ, ಭಾನುವಾರ ಮತ್ತು ರಜೆಯಲ್ಲಿ ಅವರು ಆ ಕೋಣೆ ಸೇರಿಕೊಳ್ಳುತ್ತಿದ್ದರು. ಗ್ರಹಗಳು ರೂಪ ತಳೆದದ್ದು 1914ರಿಂದ ಮುಂದೆ, ಹೆಚ್ಚಾಗಿ ಅಲ್ಲೇ. ಕೋಣೆ ಕೊಟ್ಟ ಋಣಕ್ಕೆ ಶಾಲೆಯ ವಾದ್ಯವೃಂದಕ್ಕಾಗಿ 'ಸೇಂಟ್ ಪಾಲ್ಸ್ ಸ್ವೀಟ್' ಬರೆದರು. ಅದರ ಕೊನೆಯ ಭಾಗವನ್ನು ಕೇಳಿನೋಡಿ: 'ಡಾರ್ಗಸನ್' ಎಂಬ ಕುಣಿತದ ಹಳೆಯ ಧಾಟಿ ಸುತ್ತುತ್ತಲೇ ಇರುತ್ತದೆ, ನಡುವೆ 'ಗ್ರೀನ್‌ಸ್ಲೀವ್ಸ್' ಎಂಬ ಇನ್ನೊಂದು ಹಳೆಯ ಹಾಡು ಬಂದು ಅದರ ಮೈಮೇಲೆಯೇ ಸರಾಗವಾಗಿ ಹರಿಯುತ್ತದೆ. ಶಾಲಾಮಕ್ಕಳಿಗೆಂದು ಬರೆದದ್ದನ್ನು ಇಂದು ದೊಡ್ಡ ದೊಡ್ಡ ವಾದ್ಯವೃಂದಗಳು ನುಡಿಸುತ್ತವೆ. ಮಕ್ಕಳಿಗೆ ಇಷ್ಟು ಸಾಕು ಎಂಬ ಧೋರಣೆ ಅದರಲ್ಲಿ ಎಲ್ಲೂ ಇಲ್ಲ.

ಕೈನೋವು ಮಾತ್ರ ಬಿಡಲಿಲ್ಲ. ಇಡೀ ವಾದ್ಯವೃಂದದ ಸ್ವರಲಿಪಿ ಬರೆಯುವುದೆಂದರೆ ಪುಟಕ್ಕೆ ಇಪ್ಪತ್ತು ಮೂವತ್ತು ಸಾಲು, ಒಂದೊಂದು ವಾದ್ಯಕ್ಕೂ ಒಂದೊಂದು. ಆಗ ನೆರವಿಗೆ ನಿಂತವರು ಅದೇ ಶಾಲೆಯ ಪಿಯಾನೋ ಟೀಚರುಗಳಾದ ವ್ಯಾಲಿ ಲಾಸ್ಕರ್, ನೋರಾ ಡೇ ಮತ್ತು ಹಳೆಯ ವಿದ್ಯಾರ್ಥಿನಿ ಜೇನ್ ಜೋಸೆಫ್. ಹೋಲ್ಸ್ಟ್ ಹೇಳುತ್ತಾ ಹೋದಂತೆ ಅವರು ಬರೆಯುತ್ತಾ ಹೋದರು. ಎರಡು ಪಿಯಾನೋಗಳ ಮೇಲೆ ಕೃತಿಯನ್ನು ನುಡಿಸಿ ತೋರಿಸಿದವರೂ ಆ ಇಬ್ಬರು ಟೀಚರುಗಳೇ. ಈ ಹೆಸರುಗಳು ಕಾರ್ಯಕ್ರಮದ ಹಾಳೆಗಳಲ್ಲಿ ಕಾಣುವುದು ಅಪರೂಪ.

ಕೃತಿ ಮೊದಲು ಕೇಳಿಸಿದ್ದು 1918ರ ಸೆಪ್ಟೆಂಬರ್ 29ರಂದು, ಲಂಡನ್ನಿನ ಕ್ವೀನ್ಸ್ ಹಾಲಿನಲ್ಲಿ, ಆಹ್ವಾನಿತರಿಗೆ ಮಾತ್ರ. ನಿರ್ದೇಶಿಸಿದವರು ಏಡ್ರಿಯನ್ ಬೋಲ್ಟ್. ತಾಲೀಮಿಗೆ ಪೂರಾ ಎರಡು ಗಂಟೆಯೂ ಸಿಗಲಿಲ್ಲ. ಕೊನೆಯ ಭಾಗ ನೆಪ್ಚೂನ್‌ಗೆ ಹೆಂಗಸರ ಗಾಯನ ಬೇಕು. ಮಾತಿಲ್ಲ, ಬರೀ ಸ್ವರ. ಹಾಡುವವರು ಸಭಿಕರಿಗೆ ಕಾಣಬಾರದು. ಪಕ್ಕದ ಕೋಣೆಯಲ್ಲಿ ನಿಂತು ಹಾಡಬೇಕು, ಕೊನೆಗೆ ಅದರ ಬಾಗಿಲನ್ನು ಸದ್ದಾಗದಂತೆ ನಿಧಾನವಾಗಿ ಮುಚ್ಚಬೇಕು ಎಂದು ಹೋಲ್ಸ್ಟ್ ಸ್ವರಲಿಪಿಯಲ್ಲೇ ಬರೆದಿಟ್ಟಿದ್ದಾರೆ. ಆ ದಿನ ಹಾಗೆ ಹಾಡಿದವರಲ್ಲಿ ಅವರ ಶಾಲೆಯ ಹುಡುಗಿಯರಿದ್ದರು. ಇಪ್ಪತ್ತನೆಯ ಶತಮಾನದ ಒಂದು ದೊಡ್ಡ ಕೃತಿ ಮೊದಲ ಸಲ ಲೋಕಕ್ಕೆ ಕೇಳಿಸಿದಾಗ ಅದರೊಳಗೆ ಅವರ ದನಿಯೂ ಇತ್ತು. ವಾರ್ಷಿಕೋತ್ಸವದ ಬಹುಮಾನದಿಂದ ಇಂಥದ್ದು ಸಿಗುವುದುಂಟೆ?

ಆ ಶಾಲೆಯ ಹುಡುಗಿಯರೆಲ್ಲ ಸಂಗೀತಗಾರರಾದರು ಎಂದು ನಾನು ಹೇಳುತ್ತಿಲ್ಲ. ಕೆಲವರು ಆದರು: ಜೇನ್ ಜೋಸೆಫ್ ಸ್ವತಃ ಕೃತಿ ರಚಿಸುವಷ್ಟು ಬೆಳೆದು 1929ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಅದೇ ಶಾಲೆಯಲ್ಲಿ ಓದಿದ ಹೋಲ್ಸ್ಟರ ಮಗಳು ಇಮೋಜೆನ್ ಸಂಗೀತ ರಚನೆಗೆ ಇಳಿದರು, ಅಪ್ಪನ ಜೀವನಚರಿತ್ರೆಯನ್ನೂ ಬರೆದರು. ಉಳಿದವರು ಕಂಡದ್ದೇನು ಎಂದರೆ, ತಮಗೆ ಪಾಠ ಹೇಳುವವರು ತಾವೂ ಒಂದು ಕೆಲಸದಲ್ಲಿ ಮುಳುಗಿದ್ದಾರೆ, ಒದ್ದಾಡುತ್ತಿದ್ದಾರೆ, ಹೊಡೆದುಹಾಕಿ ತಿದ್ದುತ್ತಿದ್ದಾರೆ ಎಂಬುದನ್ನು. ಪಠ್ಯಕ್ರಮದಲ್ಲಿ ಇದಕ್ಕೆ ಜಾಗವಿಲ್ಲ.

ನಮ್ಮಲ್ಲೂ ಶಾಲೆಗೆ ಕಲಾವಿದರನ್ನು ಕರೆಸುತ್ತಾರೆ. ಹಾರ, ಶಾಲು, ಮೈಸೂರು ಪೇಟ, ಒಂದು ಭಾಷಣ, ಗ್ರೂಪ್ ಫೋಟೋ, ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಇದನ್ನು ಓದುತ್ತಿರುವ ಮುಖ್ಯೋಪಾಧ್ಯಾಯಿನಿಯರಲ್ಲಿ, ಶಾಲಾಭಿವೃದ್ಧಿ ಸಮಿತಿಯವರಲ್ಲಿ ನನ್ನದೊಂದು ಕೋರಿಕೆ: ಮುರಿದ ಬೆಂಚು ತುಂಬಿಟ್ಟ ಕೋಣೆ ನಿಮ್ಮಲ್ಲೂ ಒಂದಿರುತ್ತದೆ. ಅದನ್ನು ಖಾಲಿ ಮಾಡಿಸಿ, ಊರಿನ ಒಬ್ಬ ಹಾಡುಗಾರ್ತಿಗೋ, ಚಿತ್ರ ಬರೆಯುವವರಿಗೋ, ಕಥೆಗಾರರಿಗೋ ಒಂದು ವರ್ಷದ ಮಟ್ಟಿಗೆ ಬೀಗದ ಕೈ ಕೊಡಿ. ಅವರು ತಮ್ಮ ಕೆಲಸ ಮಾಡಿಕೊಳ್ಳಲಿ, ಹುಡುಗಿಯರು ಬಂದು ನೋಡಲಿ. ಶಾಲಿನ ಖರ್ಚೂ ಉಳಿಯುತ್ತದೆ.