ಪುಕ್ಕಟೆ ಕೊಟ್ಟರೂ ನುಂಗದ ಮಾತ್ರೆ

ಹೃದಯಾಘಾತದಿಂದ ಪಾರಾಗಿ ಮನೆಗೆ ಬಂದವರು ಕೆಲವೇ ತಿಂಗಳಲ್ಲಿ ಮಾತ್ರೆ ಬಿಟ್ಟುಬಿಡುವುದು ಯಾಕೆ? ಯಾರನ್ನು ಕೇಳಿದರೂ ಮೊದಲು ಬರುವ ಉತ್ತರ, ದುಡ್ಡು. ಹಾರ್ವರ್ಡ್‌ನ ನಿತೀಶ್ ಚೌಧರಿ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಹೃದಯಾಘಾತವಾಗಿದ್ದ 5,855 ವಿಮಾದಾರರ ಪೈಕಿ ಒಂದು ಗುಂಪಿಗೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮುಂತಾದ ಔಷಧಗಳನ್ನು ಪೂರ್ತಿ ಉಚಿತವಾಗಿ ಕೊಡಿಸಿದರು. 2011ರಲ್ಲಿ ಫಲಿತಾಂಶ ಬಂತು. ತಮ್ಮ ಪಾಲಿನ ಹಣ ಕಟ್ಟುತ್ತಿದ್ದವರಲ್ಲಿ ಔಷಧ ಪಾಲನೆ, ಅಂದರೆ ಹೇಳಿದಂತೆ ಮಾತ್ರೆ ತೆಗೆದುಕೊಳ್ಳುವ ಪ್ರಮಾಣ, ಔಷಧಕ್ಕೆ ತಕ್ಕಂತೆ ಶೇ 36ರಿಂದ 49ರ ನಡುವೆ ಇತ್ತು. ಪುಕ್ಕಟೆ ಪಡೆದವರಲ್ಲಿ ಅದು ಏರಿದ್ದು ಬರೀ 4ರಿಂದ 6 ಶೇಕಡಾವಾರು ಅಂಶ.

ಹಾಗೆಂದು ದುಡ್ಡಿನ ಮಾತನ್ನು ತಳ್ಳಿಹಾಕುವಂತಿಲ್ಲ. ಅದೇ ವರ್ಷ ಪ್ರಕಟವಾದ, 17 ದೇಶಗಳ ‘ಪ್ಯೂರ್’ ಅಧ್ಯಯನದ ಪ್ರಕಾರ ಕಡಿಮೆ ಆದಾಯದ ದೇಶಗಳಲ್ಲಿ ಹೃದ್ರೋಗ ಅಥವಾ ಪಾರ್ಶ್ವವಾಯು ಆದವರ ಪೈಕಿ ಶೇ 80ರಷ್ಟು ಮಂದಿ ಬೇಕಾದ ಔಷಧಗಳಲ್ಲಿ ಒಂದನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಮರೆವೇ ಕಾರಣವೆಂದು ನಂಬಿ ತಂತ್ರಜ್ಞಾನದ ಮೊರೆ ಹೋದವರೂ ಇದ್ದಾರೆ. ಮುಚ್ಚಳ ತೆರೆದದ್ದನ್ನು ದಾಖಲಿಸುವ ಎಲೆಕ್ಟ್ರಾನಿಕ್ ಡಬ್ಬಿ, ತಪ್ಪದೆ ತೆಗೆದುಕೊಂಡವರಿಗೆ ದಿನವೂ ಲಾಟರಿ, ನೆನಪಿಸಲು ಮನೆಯವರ ನೆರವು: ಅಮೆರಿಕದ ‘ಹಾರ್ಟ್‌ಸ್ಟ್ರಾಂಗ್’ ಪ್ರಯೋಗದಲ್ಲಿ ಇಷ್ಟೆಲ್ಲ ಇತ್ತು. 2017ರಲ್ಲಿ ಲೆಕ್ಕ ಹಾಕಿದಾಗ ಔಷಧ ಪಾಲನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಗೆಬಗೆಯ ಆರೋಗ್ಯ ಆ್ಯಪ್‌ಗಳ ಜಾಹೀರಾತು ಓದುವವರು ಇದನ್ನೂ ಓದಬೇಕು.

ಇನ್ನೊಂದು ಕಾರಣ ಅಡ್ಡಪರಿಣಾಮದ ಭಯ. ಅದರ ಪಾಲು ಎಷ್ಟೆಂದು ತೋರಿಸಿದ್ದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ‘ಸ್ಯಾಮ್ಸನ್’ ಪ್ರಯೋಗ. ಮೈಕೈ ನೋವು ಮುಂತಾದ ತೊಂದರೆಯಿಂದ ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಗೆ ತಲಾ ಹನ್ನೆರಡು ಬಾಟಲಿ ಕೊಟ್ಟರು. ನಾಲ್ಕರಲ್ಲಿ ನಿಜವಾದ ಸ್ಟ್ಯಾಟಿನ್, ನಾಲ್ಕರಲ್ಲಿ ಔಷಧವಿಲ್ಲದ ಹುಸಿ ಮಾತ್ರೆ, ಉಳಿದ ನಾಲ್ಕು ಖಾಲಿ. ತಿಂಗಳಿಗೊಂದು ಬಾಟಲಿ. ಪ್ರತಿದಿನ ತಮ್ಮ ತೊಂದರೆಗೆ 100ಕ್ಕೆ ಇಷ್ಟು ಎಂದು ಫೋನಿನಲ್ಲಿ ಅಂಕ ಕೊಡಬೇಕು. ಖಾಲಿ ತಿಂಗಳುಗಳ ಸರಾಸರಿ 8, ಸ್ಟ್ಯಾಟಿನ್‌ನದು 16.3, ಹುಸಿ ಮಾತ್ರೆಯದು 15.4! ನೋವು ಸುಳ್ಳಲ್ಲ, ಆದರೆ ಅದರ ಬಹುಪಾಲು ಬಂದದ್ದು ಮಾತ್ರೆಯೊಳಗಿನ ರಾಸಾಯನಿಕದಿಂದಲ್ಲ, ಮಾತ್ರೆ ನುಂಗುತ್ತಿದ್ದೇನೆಂಬ ಅಳುಕಿನಿಂದ. ತಮ್ಮದೇ ಅಂಕಗಳನ್ನು ನೋಡಿದ ಮೇಲೆ ಅರ್ಧದಷ್ಟು ಮಂದಿ ಮತ್ತೆ ಸ್ಟ್ಯಾಟಿನ್ ಶುರುಮಾಡಿದರು.

ಮಾತ್ರೆ ಬಿಟ್ಟರೆ ಏನಾಗುತ್ತದೆ? ಹೃದಯಾಘಾತದ ನಂತರ ಔಷಧಲೇಪಿತ ಸ್ಟೆಂಟ್ ಹಾಕಿಸಿಕೊಂಡ 500 ಅಮೆರಿಕನ್ನರಲ್ಲಿ ಏಳಕ್ಕೆ ಒಬ್ಬರಂತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ತಿಂಗಳೊಳಗೇ ಬಿಟ್ಟಿದ್ದರೆಂದು 2006ರಲ್ಲಿ ವರದಿಯಾಯಿತು. ಮುಂದಿನ 11 ತಿಂಗಳಲ್ಲಿ ಅವರಲ್ಲಿ ಶೇ 7.5 ಮಂದಿ ಸತ್ತರು. ಮುಂದುವರಿಸಿದವರಲ್ಲಿ ಶೇ 0.7. ಬಿಟ್ಟವರು ವಯಸ್ಸಾದವರೂ ಆಗಿದ್ದರಿಂದ ಎಲ್ಲ ಹೊಣೆಯನ್ನೂ ಮಾತ್ರೆ ಬಿಟ್ಟದ್ದರ ಮೇಲೆ ಹಾಕಲಾಗದು. ಆದರೆ ಅದೇ ವರದಿಯ ಇನ್ನೊಂದು ಅಂಶ ಮುಖ್ಯ: ಡಿಸ್ಚಾರ್ಜ್ ಆಗುವಾಗ ಔಷಧದ ಬಗ್ಗೆ ತಿಳಿಹೇಳಿದ್ದು ಅವರಿಗೇ ಕಡಿಮೆ.

ಆ ತಿಳಿಹೇಳುವ ಕೆಲಸವನ್ನೇ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಕ್ಸೇವಿಯರ್ ಮತ್ತಿತರರು ಭಾರತದ 14 ಆಸ್ಪತ್ರೆಗಳಲ್ಲಿ ಪ್ರಯೋಗಕ್ಕೆ ಒಡ್ಡಿದರು. ವೈದ್ಯರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ರೋಗಿಗಳನ್ನು ಆಸ್ಪತ್ರೆಯಲ್ಲಿ ನಾಲ್ಕು ಸಲ, ಮನೆಯಲ್ಲಿ ಎರಡು ಸಲ ಕಂಡರು. ಕೈಯಲ್ಲಿ ಡೈರಿ, ಚಿತ್ರಪಟಗಳು. ವರ್ಷದ ಕೊನೆಗೆ ಅವರ ರೋಗಿಗಳಲ್ಲಿ ಶೇ 97 ಮಂದಿ ಔಷಧ ಬಿಟ್ಟಿರಲಿಲ್ಲ. ಮಾಮೂಲಿ ಆರೈಕೆ ಪಡೆದವರಲ್ಲಿ ಶೇ 92. ಅಂತರ ದೊಡ್ಡದಲ್ಲ, ಆದರೆ ಕಾರ್ಯಕರ್ತರು ಕಂಡವರಲ್ಲಿ ಬಿಪಿಯೂ ಕಡಿಮೆಯಿತ್ತು. ಸ್ಟೆಂಟ್ ಹಾಕುವ ಪ್ರತಿ ಆಸ್ಪತ್ರೆಯಲ್ಲೂ ಇಂಥದ್ದೊಂದು ಸಂಬಳದ ಹುದ್ದೆ ಇರಲೇಬೇಕು.