ಹಾವಿನ ವಿಷಕ್ಕೆ ಬೇರಿನ ಮದ್ದು: ನಂಬಿಕೆಯನ್ನು ಪರೀಕ್ಷಿಸುವುದು ಹೇಗೆ?

ಹಾವು ಕಚ್ಚಿದವರಿಗೆ ಬೇರು ಅರೆದು ಕುಡಿಸಿ ಬದುಕಿಸುವವರೊಬ್ಬರ ಹೆಸರನ್ನು ನೀವು ಕೇಳಿರುತ್ತೀರಿ. ಹಾಗೆ ಬದುಕಿದವರನ್ನು ಕಣ್ಣಾರೆ ಕಂಡವರೂ ನಿಮ್ಮಲ್ಲಿರಬಹುದು. "ಕಣ್ಣಾರೆ ಕಂಡದ್ದು ಸುಳ್ಳಾಗುವುದು ಹೇಗೆ ಸಾರ್?" ಎಂದು ವಿದ್ಯಾರ್ಥಿಯೊಬ್ಬ ಕೇಳಿದರೆ ಉಪಾಧ್ಯಾಯರು ಏನೆಂದು ಉತ್ತರಿಸಬೇಕು? "ಅದೆಲ್ಲ ಮೂಢನಂಬಿಕೆ" ಎಂದು ಬಾಯಿ ಮುಚ್ಚಿಸಿದರೆ ಅದು ಉತ್ತರವಾಗದು. ಪ್ರಶ್ನೆ ಸಣ್ಣದೂ ಅಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, 2000ದಿಂದ 2019ರವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ಸತ್ತವರು ಸುಮಾರು 12 ಲಕ್ಷ. ಎಂದರೆ ವರ್ಷಕ್ಕೆ ಸರಾಸರಿ 58,000 ಮಂದಿ.

ನಂಬಿಕೆಯ ಬೇರು

ಸರ್ಪಗಂಧ ಮತ್ತು ಈಶ್ವರಿ ಬಳ್ಳಿ ನಮ್ಮಲ್ಲಿ ಹಾವಿನ ವಿಷಕ್ಕೆ ಮದ್ದೆಂದು ಹೆಸರಾದ ಎರಡು ಸಸ್ಯಗಳು. ಸರ್ಪಗಂಧದ ಬೇರು ಹಾವಿನಂತೆ ಅಂಕುಡೊಂಕಾಗಿರುತ್ತದೆ. ಯಾವ ಸಸ್ಯಭಾಗ ಯಾವುದನ್ನು ಹೋಲುತ್ತದೆಯೋ ಅದಕ್ಕೇ ಅದು ಮದ್ದು ಎಂಬ ಭಾವನೆ ಜಗತ್ತಿನ ಅನೇಕ ಕಡೆ ಇತ್ತು. ಹದಿನಾರನೆಯ ಶತಮಾನದ ಯೂರೋಪಿನಲ್ಲಿ ಅದೊಂದು ಸಿದ್ಧಾಂತವೇ ಆಗಿತ್ತು. ಈಶ್ವರಿ ಬಳ್ಳಿಯ ಹತ್ತಿರದ ಸಂಬಂಧಿಯೊಂದನ್ನು ಉತ್ತರ ಅಮೆರಿಕದ ಮೂಲನಿವಾಸಿಗಳೂ ಹಾವಿನ ಕಡಿತಕ್ಕೆ ಬಳಸುತ್ತಿದ್ದರು.

ಇದಕ್ಕೆ ಮುಂಗುಸಿಯ ಕಥೆಯೂ ಸೇರಿಕೊಂಡಿದೆ. ನಾಗರಹಾವಿನೊಡನೆ ಕಾದುವ ಮುಂಗುಸಿ ಕಾಡಿಗೆ ಓಡಿಹೋಗಿ ಬೇರೊಂದನ್ನು ತಿಂದು ಬರುತ್ತದೆ ಎಂಬುದು ಕಥೆ. ಮುಂಗುಸಿಯ ರಕ್ಷಣೆ ಇರುವುದು ಅದರ ದೇಹದೊಳಗೇ. ನಾಗರಹಾವಿನ ನರವಿಷವು ಸ್ನಾಯುಗಳ ಮೇಲಿರುವ ಅಸಿಟೈಲ್‌ಕೋಲಿನ್ ಗ್ರಾಹಕಗಳಿಗೆ ಅಂಟಿಕೊಂಡು ನರಸಂದೇಶವನ್ನು ತಡೆಯುತ್ತದೆ. ಮುಂಗುಸಿಯಲ್ಲಿ ಈ ಗ್ರಾಹಕದ ರಚನೆ ತುಸು ಬೇರೆಯಾಗಿದ್ದು ವಿಷವು ಅದಕ್ಕೆ ಅಂಟದು ಎಂದು 1992ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಜೊತೆಗೆ ಅದರ ಚುರುಕುತನವೂ ನೆರವಿಗೆ ಬರುತ್ತದೆ.

ನೂರು ಕಡಿತಗಳ ಲೆಕ್ಕ

ಈಗ ಬದುಕಿದವರ ವಿಷಯಕ್ಕೆ ಬರೋಣ. ಭಾರತದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ಬಹುಪಾಲು ಹಾವುಗಳ ಕಡಿತದಿಂದ ಮನುಷ್ಯನ ಜೀವಕ್ಕೆ ಅಪಾಯವಿಲ್ಲ. ಹೆಚ್ಚಿನ ಸಾವುಗಳಿಗೆ ಕಾರಣವೆಂದು ಹೇಳಲಾಗುವವು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ. ಇವೂ ಕಚ್ಚಿದಾಗಲೆಲ್ಲ ವಿಷ ಬಿಡುವುದಿಲ್ಲ. ವಿಷವಿಲ್ಲದ 'ಒಣ ಕಡಿತ'ಗಳೂ ಉಂಟು.

ಒಂದು ಲೆಕ್ಕ ಮಾಡಿ. ಅಂಕಿಗಳು ವಿವರಣೆಗಾಗಿ ಇಟ್ಟುಕೊಂಡವು ಮಾತ್ರ. ನೂರು ಮಂದಿಗೆ ಹಾವು ಕಚ್ಚಿದೆ ಎನ್ನಿ. ಅವರಲ್ಲಿ 70 ಮಂದಿಗೆ ಕಚ್ಚಿದ್ದು ವಿಷವಿಲ್ಲದ ಹಾವು. ಉಳಿದ 30ರಲ್ಲಿ 10 ಒಣ ಕಡಿತಗಳು. ಇನ್ನುಳಿದ 20 ಮಂದಿಯಲ್ಲಿ 10 ಮಂದಿಯ ದೇಹ ಸೇರಿದ ವಿಷ ಕೊಲ್ಲುವಷ್ಟಿಲ್ಲ. ಯಾವ ಮದ್ದೂ ಇಲ್ಲದೆ 90 ಮಂದಿ ಬದುಕುತ್ತಾರೆ. ಎಲ್ಲರಿಗೂ ಬೇರು ಕುಡಿಸಿದರೆ? ಆಗಲೂ 90 ಮಂದಿ ಬದುಕುತ್ತಾರೆ. ಮದ್ದು ಕೊಟ್ಟವರು "ನೂರಕ್ಕೆ ತೊಂಬತ್ತು ಗುಣ" ಎಂದು ಪ್ರಾಮಾಣಿಕವಾಗಿಯೇ ಹೇಳಬಹುದು. ಅವರ ಮಾತಿನಲ್ಲಿ ಸುಳ್ಳಿಲ್ಲ. ತಪ್ಪಿರುವುದು ತರ್ಕದಲ್ಲಿ. ಬೇರಿನ ಗುಣವನ್ನು ಅಳೆಯಬೇಕಾದದ್ದು ಆ ಕೊನೆಯ ಹತ್ತು ಮಂದಿಯಲ್ಲಿ. ಆದರೆ ಸತ್ತವರು ಸಾಕ್ಷಿ ಹೇಳಲು ಬರುವುದಿಲ್ಲ.

ತರಗತಿಯಲ್ಲಿ ಇದನ್ನು ಮಾಡಿ ತೋರಿಸಬಹುದು. ನಲವತ್ತು ವಿದ್ಯಾರ್ಥಿಗಳಲ್ಲಿ ಇಪ್ಪತ್ತು ಮಂದಿಯ ಕೈಗೆ ಯಾವುದಾದರೂ ಎಲೆ ಕೊಡಿ, ಉಳಿದವರಿಗೆ ಬೇಡ. ಪ್ರತಿಯೊಬ್ಬರೂ ಒಮ್ಮೆ ದಾಳ ಉರುಳಿಸಲಿ. ಒಂದು ಬಿದ್ದವರು 'ಸತ್ತರು', ಉಳಿದವರು 'ಬದುಕಿದರು'. ಎಲೆ ಹಿಡಿದವರಲ್ಲಿ ಸರಾಸರಿ 16–17 ಮಂದಿ ಬದುಕುತ್ತಾರೆ. ಅವರನ್ನಷ್ಟೇ ನಿಲ್ಲಿಸಿ ಕೇಳಿದರೆ ಎಲೆಯೇ ಕಾಪಾಡಿತು ಎನ್ನಿಸುತ್ತದೆ. ಎಲೆ ಹಿಡಿಯದವರನ್ನೂ ಎಣಿಸಿದಾಗ ನಿಜ ಹೊರಬೀಳುತ್ತದೆ. ವಿಜ್ಞಾನದಲ್ಲಿ ಈ ಎರಡನೆಯ ಗುಂಪನ್ನೇ ನಿಯಂತ್ರಕ ಗುಂಪು ಎನ್ನುವುದು.

ಪರೀಕ್ಷಿಸಿದಾಗ ಕಂಡದ್ದೇನು?

ಹಾಗಾದರೆ ಈ ಗಿಡಮೂಲಿಕೆಗಳಲ್ಲಿ ಏನೂ ಇಲ್ಲವೇ? ಇದೆ. ಆದರೆ ನಂಬಿಕೆ ಹೇಳಿದ್ದೇ ಇಲ್ಲ.

ಸರ್ಪಗಂಧದ ಬೇರಿನಿಂದ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ಸಂಗಡಿಗರು 1931ರಲ್ಲಿ ಹಲವು ಆಲ್ಕಲಾಯ್ಡ್‌ಗಳನ್ನು ಬೇರ್ಪಡಿಸಿದರು. ಅದೇ ವರ್ಷ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರು ರಕ್ತದೊತ್ತಡಕ್ಕೂ ಮಾನಸಿಕ ಉದ್ರೇಕಕ್ಕೂ ಉಪಯುಕ್ತವೆಂದು ಬರೆದರು. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅಧಿಕ ರಕ್ತದೊತ್ತಡದ ರೋಗಿಗಳ ಮೇಲೆ ಇದರ ಪರಿಣಾಮವನ್ನು ದಾಖಲಿಸಿ 1949ರಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಇದರಿಂದ ರೆಸರ್ಪಿನ್ ಎಂಬ ವಸ್ತುವನ್ನು ಪ್ರತ್ಯೇಕಿಸಿದರು. ಅದು ರಕ್ತದೊತ್ತಡದ ಮೊದಮೊದಲ ಪರಿಣಾಮಕಾರಿ ಔಷಧಗಳಲ್ಲಿ ಒಂದಾಯಿತು. ಆದರೆ ಮಂಡಲದ ಹಾವು ಕಚ್ಚಿ ರಕ್ತದೊತ್ತಡ ಕುಸಿಯುತ್ತಿರುವ ರೋಗಿಗೆ, ಅದನ್ನು ಇನ್ನಷ್ಟು ಇಳಿಸುವ ಬೇರು ಉಪಕಾರಿಯಾದೀತೇ? ನೀವೇ ಯೋಚಿಸಿ.

ಈಶ್ವರಿ ಬಳ್ಳಿಯ ಕಥೆ ಬೇರೆ. ಇದರ ಕುಲದ ಸಸ್ಯಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಬೆಲ್ಜಿಯಂನಲ್ಲಿ ಮೈ ಇಳಿಸಿಕೊಳ್ಳಲು ಗಿಡಮೂಲಿಕೆ ಸೇವಿಸಿದ ಮಹಿಳೆಯರ ಮೂತ್ರಪಿಂಡಗಳು ಕೆಟ್ಟುಹೋದದ್ದು 1993ರಲ್ಲಿ ವರದಿಯಾಯಿತು. ಬಳಸಬೇಕಿದ್ದ ಸಸ್ಯದ ಬದಲು ಈ ಕುಲದ ಸಸ್ಯವೊಂದು ಆ ಮದ್ದಿನಲ್ಲಿ ಸೇರಿತ್ತು. ಈ ಕುಲದ ಸಸ್ಯಗಳಿರುವ ಗಿಡಮೂಲಿಕೆ ಮದ್ದುಗಳು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತವೆ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ ತೀರ್ಮಾನಿಸಿತು.

ಒಂದೇ ನಂಬಿಕೆಯ ಎರಡು ಬೇರುಗಳು: ಒಂದರಲ್ಲಿ ಬೇರೆ ರೋಗದ ಮದ್ದು, ಇನ್ನೊಂದರಲ್ಲಿ ವಿಷ. ಎರಡೂ ತಿಳಿದದ್ದು ಪರೀಕ್ಷೆಯಿಂದ.

ವಿಷ ಎಷ್ಟು, ಮದ್ದು ಎಷ್ಟು?

ವಿಷಕ್ಕೆ ಪರೀಕ್ಷೆಯಲ್ಲಿ ಗೆದ್ದ ಮದ್ದು ಪ್ರತಿವಿಷ. ಕುದುರೆಗೆ ಹಾವಿನ ವಿಷವನ್ನು ಅಲ್ಪ ಪ್ರಮಾಣದಲ್ಲಿ ಚುಚ್ಚಿ, ಕ್ರಮೇಣ ಹೆಚ್ಚಿಸುತ್ತ ಹೋದರೆ ಅದರ ರಕ್ತದಲ್ಲಿ ಪ್ರತಿಕಾಯಗಳು ಉಂಟಾಗುತ್ತವೆ. ಅವನ್ನು ಶುದ್ಧೀಕರಿಸಿದರೆ ಪ್ರತಿವಿಷ. ಭಾರತದ ಪ್ರತಿವಿಷದ 1 ಮಿಲಿಲೀಟರು 0.6 ಮಿಲಿಗ್ರಾಂ ಕೊಳಕುಮಂಡಲದ ವಿಷವನ್ನು ತಟಸ್ಥಗೊಳಿಸಬೇಕು. ಒಂದು ಕಡಿತದಲ್ಲಿ ಈ ಹಾವು ಬಿಡುವ ವಿಷ ಸರಾಸರಿ 63 ಮಿಲಿಗ್ರಾಂ ಎಂದು ಚಿಕಿತ್ಸಾ ಮಾರ್ಗಸೂಚಿಯ ಅಂದಾಜು. 63ನ್ನು 0.6ರಿಂದ ಭಾಗಿಸಿದರೆ 105 ಮಿಲಿಲೀಟರು. ಒಂದು ಸೀಸೆಯಲ್ಲಿ 10 ಮಿಲಿಲೀಟರು ಎಂದರೆ ಸುಮಾರು ಹತ್ತು ಸೀಸೆ. ಆಸ್ಪತ್ರೆಯಲ್ಲಿ ಮೊದಲಿಗೆ 8–10 ಸೀಸೆ ಕೊಡುವುದರ ಹಿಂದಿನ ಲೆಕ್ಕ ಇದೇ. ಅರೆದ ಬೇರಿಗೆ ಇಂಥ ಲೆಕ್ಕವಿಲ್ಲ. ಬೇರಿನ ರಸ ಪ್ರನಾಳದಲ್ಲಿ ವಿಷದ ಕಿಣ್ವವನ್ನು ತಡೆದರೂ, ಹೊಟ್ಟೆಗೆ ಹೋದ ರಸವು ರಕ್ತದಲ್ಲಿರುವ ವಿಷವನ್ನು ಸಾಕಷ್ಟು ಪ್ರಮಾಣದಲ್ಲಿ, ಸಕಾಲಕ್ಕೆ ಮುಟ್ಟುತ್ತದೆ ಎಂದು ಅದರಿಂದ ಸಿದ್ಧವಾಗುವುದಿಲ್ಲ.

ಪ್ರತಿವಿಷಕ್ಕೂ ಕೊರತೆಗಳಿವೆ. ಕೆಲವರಿಗೆ ತೀವ್ರ ಅಲರ್ಜಿಯಾಗಬಹುದು. ಆದ್ದರಿಂದ ಅದನ್ನು ಆಸ್ಪತ್ರೆಯಲ್ಲೇ ಕೊಡಬೇಕು. ಒಂದೇ ಜಾತಿಯ ಹಾವಿನ ವಿಷ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗಿರುವುದನ್ನೂ, ಅದರಿಂದ ಪ್ರತಿವಿಷದ ಪರಿಣಾಮ ಕುಗ್ಗುವುದನ್ನೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಅಳೆಯುವುದರಿಂದಲೇ ಕೊರತೆ ತಿಳಿಯುತ್ತದೆ, ತಿಳಿದರೆ ತಿದ್ದಬಹುದು.

ನಾವು ಮಾಡಬೇಕಾದದ್ದು

ಬೇರು ಹುಡುಕುವುದರಲ್ಲಿ ಕಳೆದುಹೋಗುವ ಹೊತ್ತೇ ಅತಿ ದೊಡ್ಡ ಹಾನಿ. ಹಾವು ಕಚ್ಚಿದವರಿಗೆ ಧೈರ್ಯ ಹೇಳಿ, ನಡೆಸಬೇಡಿ. ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಪಟ್ಟಿ ಕಟ್ಟಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಹಗ್ಗದಿಂದ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಹಾವನ್ನು ಹಿಡಿಯಲು ಹೋಗದೆ, ಪ್ರತಿವಿಷ ಸಿಗುವ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಿರಿ. ಕಟ್ಟುಹಾವಿನ ಕಡಿತದಲ್ಲಿ ನೋವಾಗಲಿ ಊತವಾಗಲಿ ಅಷ್ಟಾಗಿ ಇರದು. ಗಂಟೆಗಳ ನಂತರ ಉಸಿರಾಟ ನಿಲ್ಲಬಹುದು. ಆದ್ದರಿಂದ 'ಏನೂ ಆಗಿಲ್ಲ' ಎಂದು ಸುಮ್ಮನಾಗಬಾರದು.

ಕರ್ನಾಟಕ ಸರ್ಕಾರ 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಎಣಿಕೆ ಸರಿಯಾದರೆ ಪ್ರತಿವಿಷದ ಹಂಚಿಕೆಯೂ ಸರಿಯಾದೀತು. ನಿಮ್ಮ ಶಾಲೆಗೆ ಅತಿ ಹತ್ತಿರದಲ್ಲಿ ಪ್ರತಿವಿಷ ಸಿಗುವ ಆಸ್ಪತ್ರೆ ಯಾವುದು, ಅಲ್ಲಿಗೆ ತಲುಪಲು ಎಷ್ಟು ಹೊತ್ತು ಬೇಕು? ಇದನ್ನು ವಿದ್ಯಾರ್ಥಿಗಳೇ ವಿಚಾರಿಸಿ ತಿಳಿದು ಸೂಚನಾ ಫಲಕದ ಮೇಲೆ ಬರೆಯಲಿ.