ಡಕ್ಟ್‌ನೊಳಗಿನ ಪಿಆರ್‌ವಿ ಕೆಟ್ಟಾಗ

ಬೆಂಗಳೂರಿನ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ನೀರಿನ ದೂರು ಎರಡು ಬಗೆ. ಮೇಲಿನ ಮಹಡಿಯವರು ಶವರ್‌ನಲ್ಲಿ ಫೋರ್ಸೇ ಇಲ್ಲ ಎನ್ನುತ್ತಾರೆ. ಕೆಳಗಿನವರ ಮನೆಯಲ್ಲಿ ನಲ್ಲಿ ತಿರುಗಿಸಿದ ಕೂಡಲೇ ನೀರು ಸಿಂಕಿನಿಂದ ಎದೆಗೆ ಚಿಮ್ಮುತ್ತದೆ, ಹೆಲ್ತ್ ಫಾಸೆಟ್‌ನ ಪೈಪು ಮತ್ತೆ ಮತ್ತೆ ಒಡೆಯುತ್ತದೆ. ಇದೆಲ್ಲ ಎತ್ತರದ ಲೆಕ್ಕ. ಟ್ಯಾಂಕಿನಿಂದ 10 ಮೀಟರ್ ಕೆಳಗಿಳಿದರೆ ಒತ್ತಡ ಸುಮಾರು 1 ಬಾರ್ ಏರುತ್ತದೆ. ಮಹಡಿಗೆ 3 ಮೀಟರ್ ಎಂದು ಹಿಡಿದರೂ 15 ಮಹಡಿಯ ಕಟ್ಟಡದ ತಳದಲ್ಲಿ ಅದು 4.5 ಬಾರ್ ಆಗುತ್ತದೆ. ಮನೆ ಬಳಕೆಗೆ 2ರಿಂದ 3 ಬಾರ್ ಇದ್ದರೆ ಧಾರಾಳವಾಯಿತು.

ಆ ಹೆಚ್ಚುವರಿ ಒತ್ತಡವನ್ನು ತಗ್ಗಿಸುವುದು ಡಕ್ಟ್‌ನಲ್ಲಿ ಕೂತಿರುವ ಹಿತ್ತಾಳೆಯ ಪ್ರೆಶರ್ ರೆಡ್ಯೂಸಿಂಗ್ ವಾಲ್ವ್. ಪ್ಲಂಬರ್‌ಗಳ ಬಾಯಲ್ಲಿ ಅದು ಪಿಆರ್‌ವಿ. ಒಳಗಿರುವುದು ಒಂದು ಸ್ಪ್ರಿಂಗು, ರಬ್ಬರಿನ ಡಯಾಫ್ರಮ್, ನೀರಿನ ದಾರಿಯನ್ನು ತೆರೆದು ಮುಚ್ಚುವ ಪುಟ್ಟ ಬಿರಡೆ. ಮನೆಯ ಕಡೆ ಒತ್ತಡ ಏರಿದರೆ ಡಯಾಫ್ರಮ್ ಸ್ಪ್ರಿಂಗನ್ನು ಒತ್ತಿ ದಾರಿಯನ್ನು ಕಿರಿದು ಮಾಡುತ್ತದೆ. ನಲ್ಲಿ ತೆರೆದು ಒತ್ತಡ ಇಳಿದಾಗ ಸ್ಪ್ರಿಂಗು ಮತ್ತೆ ದಾರಿ ಬಿಡುತ್ತದೆ. ಕರೆಂಟು ಬೇಡ, ಯಾರೂ ನೋಡಿಕೊಳ್ಳುವುದೂ ಬೇಡ. ಹಾಗಾಗಿಯೇ ಅದು ಕೆಡುವವರೆಗೆ ಯಾರಿಗೂ ಅದರ ನೆನಪಿರುವುದಿಲ್ಲ. ತಾರಸಿಯ ಮೇಲೆ ಟ್ಯಾಂಕ್ ಇಟ್ಟ ಒಂದೆರಡು ಮಹಡಿಯ ಮನೆಗೆ ಇದರ ಅಗತ್ಯವಿಲ್ಲ. ಅಲ್ಲಿ 1 ಬಾರ್ ಮುಟ್ಟುವುದೇ ಕಷ್ಟ.

ಕೆಡುವುದು ಎರಡು ರೀತಿಯಲ್ಲಿ. ಒಂದು, ನೀರು ಸಣ್ಣಗಾಗುವುದು. ಇದು ಎಲ್ಲರ ಕಣ್ಣಿಗೂ ಬೀಳುತ್ತದೆ, ಬಹಳ ಸಲ ದೊಡ್ಡ ರೋಗವೂ ಅಲ್ಲ. ಬೋರ್‌ವೆಲ್ಲಿನ ಮರಳು, ಗಡಸು ನೀರಿನ ಬಿಳಿ ಸುಣ್ಣ, ಹಳೆಯ ಜಿಐ ಪೈಪಿನ ತುಕ್ಕು ವಾಲ್ವ್‌ನ ಜಾಲರಿಗೆ ಮೆತ್ತಿಕೊಂಡಿರುತ್ತದೆ. ವಾಲ್ವ್ ಹೋಗಿದೆ, ಹೊಸದು ಹಾಕಬೇಕು ಎಂದು ಪ್ಲಂಬರ್ ಹೇಳಿದರೆ, ಮೊದಲು ಜಾಲರಿ ಬಿಚ್ಚಿ ತೋರಿಸಿ ಎಂದು ಕೇಳುವುದು ಒಳ್ಳೆಯದು. ಹಿಂದಿನ ಬಾಲ್ ವಾಲ್ವ್ ಮುಚ್ಚಿ, ಮನೆಯ ಒಂದು ನಲ್ಲಿ ತೆರೆದು ಒಳಗಿನ ಒತ್ತಡ ಬಿಟ್ಟ ಮೇಲೆ ತಳದ ಮುಚ್ಚಳ ಬಿಚ್ಚಬೇಕು. ಜಾಲರಿಯನ್ನು ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಬಹುದು. ಸುಣ್ಣ ಗಟ್ಟಿಯಾಗಿದ್ದರೆ ಸ್ವಲ್ಪ ಹೊತ್ತು ವಿನಿಗರ್‌ನಲ್ಲಿ ನೆನೆಸಿದರೆ ಬಿಡುತ್ತದೆ.

ಇನ್ನೊಂದು ಬಗೆ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಸದ್ದಿಲ್ಲದೆ ಬರುತ್ತದೆ. ಬಿರಡೆ ಕೂರುವ ಜಾಗದಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡರೂ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಹಗಲು ನೀರು ಓಡಾಡುತ್ತಿರುವುದರಿಂದ ಏನೂ ಗೊತ್ತಾಗುವುದಿಲ್ಲ. ರಾತ್ರಿ ಎಲ್ಲ ನಲ್ಲಿಗಳೂ ಮುಚ್ಚಿದಾಗ ಒತ್ತಡ ಹನಿ ಹನಿಯಾಗಿ ಸೋರಿ, ಬೆಳಗಾಗುವ ಹೊತ್ತಿಗೆ ಟ್ಯಾಂಕಿನ ಪೂರ್ತಿ ಒತ್ತಡ ಮನೆಯೊಳಗೆ ನಿಂತಿರುತ್ತದೆ. ಫ್ಲಶ್ ಟ್ಯಾಂಕಿನ ವಾಷರ್, ವಾಷಿಂಗ್ ಮಷಿನ್ನಿನ ಪೈಪು, ವಾಟರ್ ಫಿಲ್ಟರಿನ ಕನೆಕ್ಷನ್ನು ಒಂದೊಂದಾಗಿ ಕೈಕೊಡುತ್ತವೆ. ಮನೆಯವರು ಒಡೆದುದನ್ನಷ್ಟೇ ಬದಲಿಸುತ್ತಾ ಹೋಗುತ್ತಾರೆ.

ಇದನ್ನು ಹಿಡಿಯಲು ಒಂದು ಪ್ರೆಶರ್ ಗೇಜ್ ಸಾಕು. ವಾಲ್ವ್‌ನ ಮನೆ ಬದಿಯ ಯಾವುದಾದರೂ ನಲ್ಲಿಗೆ ಅದನ್ನು ಕೂರಿಸಿ, ಉಳಿದವನ್ನೆಲ್ಲ ಮುಚ್ಚಿ ಅರ್ಧ ಗಂಟೆ ಬಿಡಬೇಕು. ಗೀಸರ್ ಆರಿಸಿರಬೇಕು; ಬಿಸಿಯಾದ ನೀರು ಹಿಗ್ಗಿ ಮುಳ್ಳನ್ನು ಸುಮ್ಮನೆ ಮೇಲೇರಿಸುತ್ತದೆ. 2.5 ಬಾರ್‌ನಲ್ಲಿದ್ದ ಮುಳ್ಳು ನಿಧಾನಕ್ಕೆ 4ರ ಕಡೆ ಸರಿದರೆ ವಾಲ್ವ್ ಸೋರುತ್ತಿದೆ ಎಂದರ್ಥ. ಸ್ಪ್ರಿಂಗ್ ಇರುವ ಮೇಲ್ಭಾಗದ ಸಣ್ಣ ರಂಧ್ರದಿಂದ ನೀರು ಜಿನುಗಿದರೆ ಡಯಾಫ್ರಮ್ಮೇ ಹರಿದಿರುತ್ತದೆ.

ಒಳಗಿನ ಕಾರ್ಟ್‌ರಿಜ್ ಬಿಡಿಯಾಗಿ ಸಿಗುವ ಮಾದರಿಯಾದರೆ ಅದನ್ನಷ್ಟೇ ಬದಲಿಸಬಹುದು. ಸಿಗದಿದ್ದರೆ ಇಡೀ ವಾಲ್ವ್. ಮೈಮೇಲಿನ ಬಾಣದ ಗುರುತು ನೀರು ಹರಿಯುವ ದಿಕ್ಕಿಗೇ ಇರಬೇಕು. ಸಿಪಿವಿಸಿ ಪೈಪಿಗೆ ಸೇರಿಸುವಾಗ ಪಾನಾ ಬಲವಾಗಿ ತಿರುಗಿಸಿದರೆ ಫಿಟ್ಟಿಂಗ್ ಸೀಳುತ್ತದೆ. ಎರಡೂ ಬದಿಗೆ ಯೂನಿಯನ್ ಹಾಕಿಸಿದರೆ ಮುಂದಿನ ಸಲ ಪೈಪು ಕತ್ತರಿಸುವ ಕೆಲಸ ತಪ್ಪುತ್ತದೆ. ಹೊಸದನ್ನು ಗೇಜ್ ನೋಡುತ್ತಲೇ ಹೊಂದಿಸಬೇಕು: ಲಾಕ್‌ನಟ್ ಸಡಿಲಿಸಿ, ತಿರುಪನ್ನು ಕಾಲು ಸುತ್ತು ತಿರುಗಿಸಿ, ಒಂದು ನಲ್ಲಿ ತೆರೆದು ಮುಚ್ಚಿ ಮತ್ತೆ ಮುಳ್ಳು ನೋಡುವುದು. ಸಾಮಾನ್ಯವಾಗಿ ಬಲಕ್ಕೆ ತಿರುಗಿಸಿದರೆ ಒತ್ತಡ ಹೆಚ್ಚುತ್ತದೆ.

ಹಲವು ಕಟ್ಟಡಗಳಲ್ಲಿ ಒಂದೇ ಪಿಆರ್‌ವಿ ನಾಲ್ಕೈದು ಮಹಡಿಗೆ ನೀರು ಕೊಡುತ್ತದೆ. ಅಲ್ಲಿ ಒಂದು ಮನೆಯವರು ತಿರುಪು ತಿರುಗಿಸಿದರೆ ಕೆಳಗಿನವರ ಪೈಪು ಒಡೆಯಬಹುದು; ಅದು ಅಸೋಸಿಯೇಷನ್ನಿನ ಕೆಲಸ. ಅದಕ್ಕಿಂತ ಕೆಟ್ಟ ಅಭ್ಯಾಸವೆಂದರೆ, ದೂರು ಬಂದ ತಕ್ಷಣ ಬೈಪಾಸ್ ಲೈನ್ ತೆರೆದುಬಿಡುವುದು. ನೀರು ಜೋರಾಗಿ ಬರುತ್ತದೆ, ದೂರು ನಿಲ್ಲುತ್ತದೆ, ಬೈಪಾಸ್ ಮಾತ್ರ ತಿಂಗಳುಗಟ್ಟಲೆ ತೆರೆದೇ ಇರುತ್ತದೆ.

ನೀರಿನ ಖರ್ಚಿನ ಮಾತೂ ಇಲ್ಲಿದೆ. ಅದೇ ನಲ್ಲಿಯಿಂದ 4 ಬಾರ್‌ನಲ್ಲಿ ಬೀಳುವ ನೀರು 1 ಬಾರ್‌ನಲ್ಲಿ ಬೀಳುವುದರ ಎರಡರಷ್ಟು. 4ರಿಂದ 2 ಬಾರ್‌ಗೆ ಇಳಿಸಿದರೆ ತೆರೆದ ನಲ್ಲಿಯ ಹರಿವು ಸುಮಾರು ಶೇ. 30ರಷ್ಟು ತಗ್ಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ಅಪಾರ್ಟ್‌ಮೆಂಟುಗಳು ನೀರು ಉಳಿಸಿ ಎಂದು ಲಿಫ್ಟಿನಲ್ಲಿ ನೋಟಿಸ್ ಅಂಟಿಸುವ ಮೊದಲು, ಒಬ್ಬ ಪ್ಲಂಬರ್ ಗೇಜ್ ಹಿಡಿದು ಮಹಡಿ ಮಹಡಿಯ ಒತ್ತಡ ಬರೆದುಕೊಂಡು ಬರಲಿ. ವರ್ಷಕ್ಕೊಮ್ಮೆ ಟ್ಯಾಂಕ್ ತೊಳೆಸುವ ದಿನ ಹೇಗೂ ಸಪ್ಲೈ ನಿಂತಿರುತ್ತದೆ. ಜಾಲರಿಗಳನ್ನು ಬಿಚ್ಚಿ ತೊಳೆಯಲು ಆ ದಿನವೇ ಅನುಕೂಲ.